ಬೇಸ್‌ಮೆಂಟಿನ ಹಳೆಯ ಪೆಟ್ಟಿಗೆ

ಅಟ್ಲಾಂಟಾದಿಂದ ದಕ್ಷಿಣಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಕಾಕ್ರನ್ ಎಂಬ ಪುಟ್ಟ ಊರು. 1988ರಿಂದ ಅಲ್ಲಿ ಎಡ್ ರಾಬರ್ಟ್ಸ್ ಎಂಬ ವೈದ್ಯರು ರೋಗಿಗಳನ್ನು ನೋಡುತ್ತಿದ್ದರು. 2010ರ ಏಪ್ರಿಲ್ 1ರಂದು ಅವರು ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೇ ನಮ್ಮಲ್ಲಿ ಹಲವರಿಗೆ ಗೊತ್ತಾದದ್ದು: ಮನೆಯಲ್ಲೇ ಕೂತು ಕಂಪ್ಯೂಟರು ಜೋಡಿಸುವ ಗೀಳನ್ನು ಅಮೆರಿಕಕ್ಕೆ ಹತ್ತಿಸಿದವರು ಇದೇ ಡಾಕ್ಟರು!

ವೈದ್ಯರಾಗುವ ಮೊದಲು ರಾಬರ್ಟ್ಸ್ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಮಿಟ್ಸ್ ಎಂಬ ಸಣ್ಣ ಕಂಪನಿ ನಡೆಸುತ್ತಿದ್ದರು. 1975ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಅವರ ಆಲ್ಟೇರ್ 8800 ಬಂತು. ಸುಮಾರು 400 ಡಾಲರು ಕಳಿಸಿದರೆ ಅಂಚೆಯಲ್ಲಿ ಬಿಡಿಭಾಗಗಳು ಬರುತ್ತಿದ್ದವು. ಅವನ್ನು ಒಂದೊಂದಾಗಿ ಬೆಸುಗೆ ಹಾಕಿ ಕೂರಿಸುವುದು ಕೊಂಡವರ ಪಾಡು. ಎಲ್ಲ ಜೋಡಿಸಿದ ಮೇಲೆ ಸಿಗುತ್ತಿದ್ದದ್ದೇನು? ಕೀಲಿಮಣೆ ಇಲ್ಲ, ಪರದೆ ಇಲ್ಲ, 256 ಬೈಟುಗಳ ನೆನಪು, ಮುಂಭಾಗದಲ್ಲಿ ಸ್ವಿಚ್ಚುಗಳ ಸಾಲು. ಆದರೂ ಕೆಲವು ನೂರು ಖರ್ಚಾದರೆ ಸಾಕೆಂದುಕೊಂಡಿದ್ದ ರಾಬರ್ಟ್ಸರಿಗೆ ಕೆಲವೇ ತಿಂಗಳಲ್ಲಿ ಸಾವಿರಾರು ಬೇಡಿಕೆ ಬಂದವು. ಸ್ವಂತಕ್ಕೊಂದು ಕಂಪ್ಯೂಟರು ಬೇಕೆಂಬ ಸಾಮಾನ್ಯನಿಗೆ ಕೈಗೆಟುಕುವ ದಾರಿ ಆಗ ಅದೊಂದೇ ಆಗಿತ್ತು.

ಎರಡೇ ವರ್ಷಕ್ಕೆ ಕಾಲ ಬದಲಾಯಿತು. 1977ರಲ್ಲಿ ಆಪಲ್ 2, ಕಮಡೋರ್ ಪೆಟ್, ಟಿಆರ್‌ಎಸ್-80 ಎಂಬ ಮೂರು ಸಿದ್ಧ ಯಂತ್ರಗಳು ಅಂಗಡಿಗೆ ಬಂದವು. ಟಿಆರ್‌ಎಸ್-80 ಪರದೆಯ ಸಮೇತ 600 ಡಾಲರಿಗೆ ರೇಡಿಯೋ ಶ್ಯಾಕಿನಲ್ಲಿ ಸಿಗುತ್ತಿತ್ತು. ಅದೇ ವರ್ಷ ರಾಬರ್ಟ್ಸ್ ಮಿಟ್ಸನ್ನು ಮಾರಿ ಜಾರ್ಜಿಯಾಕ್ಕೆ ಬಂದು ಬೇಸಾಯ ಹಿಡಿದರು. ಆಮೇಲೆ ಮೇಕನ್ನಿನ ಮರ್ಸರ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿದರು.

ಆದರೆ ಕೈಯಿಂದ ಕಟ್ಟುವವರು ಸುಮ್ಮನಿರಲಿಲ್ಲ. ಅದೇ 1977ರಲ್ಲಿ ಅಟ್ಲಾಂಟಾದ ಡೆನಿಸ್ ಹೇಯ್ಸ್ ತಮ್ಮ ಮನೆಯ ಊಟದ ಮೇಜಿನ ಮೇಲೆ, ಆಲ್ಟೇರ್ ಜಾತಿಯ ಕಂಪ್ಯೂಟರುಗಳಿಗಾಗಿ ಮೋಡೆಮ್ ತಯಾರಿಸಲು ಹೊರಟರು. 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್ ಎಲ್ಲ ಮೋಡೆಮುಗಳಿಗೂ ಮೇಲ್ಪಂಕ್ತಿಯಾಯಿತು. ಕಿರ್ ಕಿರ್ ಎನ್ನುತ್ತ ಫೋನಿನ ತಂತಿಯಲ್ಲಿ ನಮ್ಮ ಮೊದಲ ಇ-ಮೇಲುಗಳನ್ನು ಊರಿಗೆ ಕಳಿಸಿದ್ದು ಆ ವಂಶದ ಯಂತ್ರಗಳೇ.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಹೊರತಂದಿತು. ಅದೂ ಸಿದ್ಧ ಯಂತ್ರವೇ, ಆದರೆ ಮಾರುಕಟ್ಟೆಯಲ್ಲಿ ಯಾರಿಗೂ ಸಿಗುವ ಬಿಡಿಭಾಗಗಳಿಂದ ಮಾಡಿದ್ದು. ಒಳಗಿನ ನಕ್ಷೆಯನ್ನೂ ಐಬಿಎಂ ಅಚ್ಚು ಹಾಕಿಸಿ ಮಾರಿತು. ಅದಕ್ಕೆ ಹೊಂದುವ ಬೋರ್ಡು, ಡಿಸ್ಕುಗಳನ್ನು ಹತ್ತಾರು ಕಂಪನಿಗಳು ಮಾಡತೊಡಗಿದವು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಅಳತೆಯಿಂದ ಯಾವುದೇ ಬೋರ್ಡು ಯಾವುದೇ ಪೆಟ್ಟಿಗೆಗೆ ಹೊಂದುವುದು ಇನ್ನಷ್ಟು ಸಲೀಸಾಯಿತು. ಅಕ್ಕಿ-ಉದ್ದು ನೆನೆಹಾಕಿ ರುಬ್ಬುವ ಕಷ್ಟ ತಪ್ಪಿ, ಹಿಟ್ಟು ತಂದು ಇಡ್ಲಿ ಹುಯ್ಯುವಷ್ಟೇ ಉಳಿದ ಹಾಗೆ. ಬೆಸುಗೆಯ ಕಡ್ಡಿ ಬೇಡ, ಒಂದು ಸ್ಕ್ರೂಡ್ರೈವರ್ ಸಾಕು.

ನಮ್ಮವರು ಈ ಕಥೆಯೊಳಗೆ ಬಂದದ್ದು ಈ ಹೊತ್ತಿನಲ್ಲಿ. ವರ್ಜೀನಿಯಾದ ಚಾಂಟಿಲಿ, ಮೇರಿಲ್ಯಾಂಡಿನ ಗೇದರ್ಸ್‌ಬರ್ಗ್‌ಗಳಲ್ಲಿ ವಾರಾಂತ್ಯದ ಕಂಪ್ಯೂಟರ್ ಸಂತೆಗಳು ನಡೆಯುತ್ತಿದ್ದ ದಿನಗಳು ನಮಗೆ ನೆನಪಿವೆ. ಸಾಲು ಮೇಜುಗಳ ಮೇಲೆ ಮದರ್‌ಬೋರ್ಡು, ಫ್ಯಾನು, ಕೇಬಲ್ಲು. ಚೌಕಾಸಿಯೂ ನಡೆಯುತ್ತಿತ್ತು! ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಅದೇ ನೋಟ. ಅಲ್ಲಿ 'ಬ್ರ್ಯಾಂಡೆಡ್ಡೋ, ಅಸೆಂಬಲ್ಡೋ' ಎಂಬುದು 'ಸೈಟು ತಗೊಂಡು ಕಟ್ಟಿಸಿದ್ದೋ, ಫ್ಲ್ಯಾಟೋ' ಎನ್ನುವಷ್ಟೇ ಸಹಜವಾದ ಪ್ರಶ್ನೆಯಾಗಿತ್ತು. ಅಲ್ಲಿ ಅಸೆಂಬಲ್ಡ್ ಎಂದರೆ ಉಳಿತಾಯ. ಇಲ್ಲಿ ಅದರ ಜೊತೆಗೆ, ಎಂಜಿನಿಯರ್ ಎನಿಸಿಕೊಂಡ ಮೇಲೆ ಇದೂ ಬಾರದಿದ್ದರೆ ಹೇಗೆ ಎಂಬ ಸಣ್ಣ ಹಮ್ಮೂ ಇತ್ತೆನ್ನಿ.

ಲೆಕ್ಕ ಹಾಕಿದರೆ ಗೆದ್ದದ್ದು ಸಿದ್ಧ ಯಂತ್ರವೇ. ಸಾವಿರಗಟ್ಟಲೆ ಬಿಡಿಭಾಗ ಒಟ್ಟಿಗೆ ಕೊಳ್ಳುವವರ ದರ ನಮಗೆಲ್ಲಿ ಸಿಗಬೇಕು? ಆದರೆ ಆ ಗೆಲುವಿಗೂ ಹೆಚ್ಚು ಆಯುಸ್ಸಿರಲಿಲ್ಲ. 2005ರ ಅಕ್ಟೋಬರಿನಲ್ಲಿ ಡೆಲ್ ಕಂಪನಿ ನಾರ್ತ್ ಕ್ಯಾರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿ, ಬೇಡಿಕೆಗೆ ತಕ್ಕಂತೆ ಡೆಸ್ಕ್‌ಟಾಪ್ ಜೋಡಿಸುವ ಭಾರಿ ಕಾರ್ಖಾನೆ ತೆರೆಯಿತು. ರಾಜ್ಯವೂ ಊರೂ ಸೇರಿ ಒಪ್ಪಿಕೊಂಡಿದ್ದ ರಿಯಾಯಿತಿ 28 ಕೋಟಿ ಡಾಲರಿನಷ್ಟು. ಅಷ್ಟರಲ್ಲಿ ಜನ ಲ್ಯಾಪ್‌ಟಾಪಿನ ಕಡೆ ವಾಲಿದರು, ತಯಾರಿಕೆ ಏಷ್ಯಾದ ಕಡೆ ಸರಿಯಿತು. 2010ರಲ್ಲಿ ಕಾರ್ಖಾನೆ ಮುಚ್ಚಿ, ಸುಮಾರು 900 ಮಂದಿ ಕೆಲಸ ಕಳೆದುಕೊಂಡರು. ಐಬಿಎಂ ಕೂಡ ತನ್ನ ಪಿಸಿ ವ್ಯವಹಾರವನ್ನು 2005ರಲ್ಲಿಯೇ ಲೆನೊವೊಗೆ ಒಪ್ಪಿಸಿ ಕೈತೊಳೆದುಕೊಂಡಿತ್ತು.

ಇಷ್ಟು ಹಳೆಯ ಕಥೆ ಸಾಹಿತ್ಯದ ಕೂಟಕ್ಕೇಕೆ ಎಂದು ಕೇಳಬಹುದು. ಕಾರಣವಿದೆ. ನಾವು ಕಟ್ಟಿದ್ದಿರಲಿ, ಕೊಂಡದ್ದಿರಲಿ, 1990ರ ದಶಕದ ಆ ಯಂತ್ರಗಳಿಗೆ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಅದನ್ನು ನಮ್ಮವರೇ ಕೂರಿಸಬೇಕಾಯಿತು. ಕೆ.ಪಿ. ರಾವ್ ಕನ್ನಡಕ್ಕೊಪ್ಪುವ ಕೀಲಿಮಣೆ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಹಾಗೆ ನಾವು ಕಥೆ, ಕವಿತೆ, ನಾಟಕ, ಪತ್ರಗಳನ್ನೆಲ್ಲ ಟೈಪು ಮಾಡಿ ಆ ಪೆಟ್ಟಿಗೆಗಳಲ್ಲೇ ಇಟ್ಟೆವು. ಬಹಳಷ್ಟು ಬರಹ ಅಲ್ಲಿಯೇ ಉಳಿದಿದೆ. ನಮ್ಮ ಕೂಟದ ಮೊದಲ ಕೆಲವು ಸಂಚಿಕೆಗಳೇ ಈಗ ಯಾರ ಬಳಿಯೂ ಇಲ್ಲ.

ಕಟ್ಟುವುದರಿಂದ ನಮಗೆ ದಕ್ಕಿದ ನಿಜವಾದ ಲಾಭ ಇಲ್ಲಿ ಕಾಣುತ್ತದೆ. ಉಳಿಸಿದ ಡಾಲರು ಎಂದೋ ಕರಗಿಹೋಯಿತು. ಪೆಟ್ಟಿಗೆ ಬಿಚ್ಚುವ ಧೈರ್ಯ ಉಳಿಯಿತು. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ನೆನಪಿನ ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬೇಸ್‌ಮೆಂಟಿನ ಆ ಹಳೆಯ ಡಬ್ಬ ಹಾಗಲ್ಲ. ನಾಲ್ಕು ಸ್ಕ್ರೂ ತೆಗೆದರೆ ಡಿಸ್ಕು ಕೈಗೆ ಬರುತ್ತದೆ. ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಅಗ್ಗಕ್ಕೆ ಸಿಗುತ್ತದೆ. ಡೆಸ್ಕ್‌ಟಾಪಿನ ಡಿಸ್ಕಿಗೆ ಯುಎಸ್‌ಬಿಯ ವಿದ್ಯುತ್ತು ಸಾಲದಾದ್ದರಿಂದ, ಬೇರೆ ಪವರ್ ಪ್ಲಗ್ ಇರುವುದನ್ನೇ ಕೊಳ್ಳಿ. ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಗಾಬರಿ ಬೇಡ. ಅದು ಹಳೆಯ ಫಾಂಟಿನ ಗುಣ. ಯುನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳಿವೆ.

ಡಿಸ್ಕುಗಳಿಗೂ ವಯಸ್ಸಾಗುತ್ತದೆ, ನಮ್ಮ ಹಾಗೆಯೇ. ಮನೆ ಚಿಕ್ಕದು ಮಾಡಿಕೊಳ್ಳುವ ಭರದಲ್ಲಿ ಆ ಪೆಟ್ಟಿಗೆಯನ್ನು ರೀಸೈಕ್ಲಿಂಗಿಗೆ ಕೊಡುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಕೈ ನಡುಗಿದರೆ ಕೂಟದಲ್ಲಿ ಯಾರನ್ನಾದರೂ ಕರೆಯಿರಿ. ಸ್ಕ್ರೂಡ್ರೈವರ್ ನಾವೇ ತರುತ್ತೇವೆ, ಕಾಫಿ ನಿಮ್ಮದು.