ಕೃಷ್ಣೆಯ ಮೇಲೆ ವಿಮಾನ, ಜಲದುರ್ಗಕ್ಕೆ ಹರಿಗೋಲು

ಕ್ರಿ. ಶ. ೨೦೨೪ನೆಯ ನವೆಂಬರ್ ೯ರಂದು ವಿಜಯವಾಡೆಯ ಪ್ರಕಾಶಂ ಆಣೆಕಟ್ಟಿನ ಹಿನ್ನೀರಿನಿಂದ ಮೇಲಕ್ಕೆದ್ದ ಪುಟ್ಟ ವಿಮಾನವೊಂದು ಒಂದು ಗಂಟೆಯೊಳಗಾಗಿಯೇ ನಲ್ಲಮಲೆಯ ಅಡವಿಯ ನಡುವೆ, ಶ್ರೀಶೈಲದ ಪಾತಾಳಗಂಗೆಯ ನೀರಿನ ಮೇಲೆ ಇಳಿಯಿತು. ಆಂಧ್ರದ ಮುಖ್ಯಮಂತ್ರಿಗಳಾದ ಚಂದ್ರಬಾಬು ನಾಯ್ಡು ಅವರು ಅದರಲ್ಲಿ ಕುಳಿತು ಬಂದಿದ್ದರು. ಅದು ಪರೀಕ್ಷಾರ್ಥವಾದ ಹಾರಾಟ. ಮುಂದೆ ಯಾತ್ರಿಕರಿಗೂ ವಿಹಾರಾರ್ಥಿಗಳಿಗೂ ಇಂತಹ ಸೌಕರ್ಯವನ್ನು ಒದಗಿಸಬೇಕೆಂಬ ಉದ್ದೇಶದಿಂದ ಏರ್ಪಟ್ಟದ್ದು.

ಸಿಂಧನೂರು, ಮಸ್ಕಿ, ಲಿಂಗಸೂಗೂರು ಸೀಮೆಯ ಮನೆಗಳಲ್ಲಿಯಾದರೋ ಶ್ರೀಶೈಲವೆಂದರೆ ಕಾಲ್ನಡಿಗೆಯ ಮಾತು. ಯುಗಾದಿಗೆ ಮುಂಚಿತವಾಗಿ ಮನೆಯಿಂದ ಹೊರಟು, ಬಿಸಿಲಿನಲ್ಲಿ ಹಲವು ದಿನ ನಡೆದು, ನಲ್ಲಮಲೆಯ ಏರಿಳಿತಗಳನ್ನು ದಾಟಿ ಮಲ್ಲಯ್ಯನ ಸನ್ನಿಧಿಯನ್ನು ಸೇರುವ ಪದ್ಧತಿಯು ಈಗಲೂ ನಿಂತಿಲ್ಲ. ಅಂಗಾಲಿನ ಬೊಕ್ಕೆಯೇ ಪುಣ್ಯದ ಗುರುತೆಂದು ತಿಳಿಯುವ ಆ ಭಕ್ತರಿಗೆ ನೀರಿನ ಮೇಲೆ ಇಳಿಯುವ ವಿಮಾನದ ಸುದ್ದಿಯು ವಿನೋದವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ವಿಷಯವು ಕೇವಲ ವಿನೋದದ್ದಲ್ಲ. ವಿಮಾನವನ್ನು ಬರಮಾಡಿಕೊಂಡ ಆ ನೀರು ಇದೇ ಸೀಮೆಯ ಉತ್ತರದ ಎಲ್ಲೆಯಾಗಿ ಹರಿದುಹೋದ ಕೃಷ್ಣೆಯ ನೀರು.

ಇಂತಹ ವಿಮಾನಗಳ ಕಥೆಯು ನೂರು ವರ್ಷಕ್ಕೆ ಮಿಕ್ಕುದು. ಫ್ರಾನ್ಸ್ ದೇಶದ ಹೆನ್ರಿ ಫಾಬ್ರ್ ಎಂಬಾತನು ೧೯೧೦ನೆಯ ಮಾರ್ಚ್ ೨೮ರಂದು ಮೊಟ್ಟಮೊದಲು ಯಂತ್ರಬಲದಿಂದ ನೀರಿನ ಮೇಲಿಂದ ಹಾರಿದನು. ೧೯೩೮ರ ಸುಮಾರಿಗೆ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯ ದೊಡ್ಡ ಹಾರುದೋಣಿಗಳು ಇಂಗ್ಲೆಂಡಿನಿಂದ ಪೂರ್ವದೇಶಗಳಿಗೆ ಹೋಗುವಾಗ ರಾಜಸ್ಥಾನದ ರಾಜಸಮಂದ ಸರೋವರದಲ್ಲಿಯೂ ಕಲಕತ್ತೆಯ ಹೂಗ್ಲಿಯಲ್ಲಿಯೂ ಇಳಿಯುತ್ತಿದ್ದವು. ಕನ್ನಡ ನಾಡಿಗೂ ಈ ಅನುಭವವು ಹೊಸದಲ್ಲ. ೧೯೪೦ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನದ ಕಾರಖಾನೆಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಯಾಟಲಿನಾ ಎಂಬ ಹಾರುದೋಣಿಗಳು ದುರಸ್ತಿಗಾಗಿ ಬರುತ್ತಿದ್ದವು. ಅವು ಇಳಿಯುತ್ತಿದ್ದುದು ಬೆಳ್ಳಂದೂರಿನ ಕೆರೆಯಲ್ಲಿ. ಆ ಕೆರೆಯು ಈಚಿನ ವರ್ಷಗಳಲ್ಲಿ ನೊರೆಯುಗುಳಿ ಬೆಂಕಿ ಹತ್ತಿದ ಸುದ್ದಿಯನ್ನು ಓದಿದವರಿಗೆ ಇದನ್ನು ನಂಬುವದು ಕಷ್ಟವಾದೀತು.

ಇವುಗಳ ರಚನೆಯಲ್ಲಿ ಒಂದು ಸೂಕ್ಷ್ಮವುಂಟು. ನೀರು ತನ್ನನ್ನು ಮುಟ್ಟಿದ ನುಣುಪಾದ ತಳವನ್ನು ಸುಲಭವಾಗಿ ಬಿಟ್ಟುಕೊಡುವದಿಲ್ಲ, ಹಿಡಿದೆಳೆಯುವದು. ಆದುದರಿಂದ ತೇಲುವ ಭಾಗದ ತಳದಲ್ಲಿ ಅಡ್ಡಲಾಗಿ ಒಂದು ಮೆಟ್ಟಿಲನ್ನು ಕಡೆದಿರುವರು. ವೇಗವು ಹೆಚ್ಚಿದಂತೆ ಅಲ್ಲಿ ಗಾಳಿಯು ನುಸುಳಿ ನೀರಿನ ಹಿಡಿತವು ಸಡಲುವದು. ಇಳಿಯುವಾಗ ತೆರೆಯೆದ್ದ ನೀರಿಗಿಂತ ಕನ್ನಡಿಯಂತೆ ನಿಶ್ಚಲವಾದ ನೀರೇ ಒಮ್ಮೊಮ್ಮೆ ಹೆಚ್ಚು ಅಪಾಯಕರ. ಎತ್ತರವೆಷ್ಟೆಂಬುದು ನಡೆಸುವವನ ಕಣ್ಣಿಗೆ ತಿಳಿಯದು. ಆದರೂ ಬಂಡೆಯಿಲ್ಲದ, ಆಳವಾದ, ನೇರವಾಗಿ ಉದ್ದಕ್ಕೆ ಹಬ್ಬಿದ ನೀರಿಲ್ಲದೆ ವಿಮಾನವು ಇಳಿಯಲಾರದು. ಇಂತಹದೆಲ್ಲ ಪುರಾತನ ಋಷಿಗಳಿಗೆ ತಿಳಿದಿತ್ತೆಂದು ವೈಮಾನಿಕ ಶಾಸ್ತ್ರವೆಂಬ ಗ್ರಂಥವನ್ನು ಮುಂದಿಡುವವರು ಉಂಟು. ಅದು ಇಪ್ಪತ್ತನೆಯ ಶತಮಾನದಲ್ಲಿ ಹೇಳಿ ಬರೆಯಿಸಿದ್ದೆಂದೂ, ಅದರಲ್ಲಿಯ ಯಂತ್ರಗಳು ಹಾರಲಾರವೆಂದೂ ಬೆಂಗಳೂರಿನ ವಿಜ್ಞಾನ ಮಂದಿರದ ವಿದ್ವಾಂಸರು ೧೯೭೪ರಲ್ಲಿಯೇ ತೋರಿಸಿಕೊಟ್ಟಿರುವರು. ಸಂಸ್ಕೃತದ ಗೌರವಕ್ಕೆ ಇಂತಹ ಸಾಕ್ಷಿಯ ಅಗತ್ಯವಿಲ್ಲ.

ಶ್ರೀಶೈಲದಲ್ಲಿ ಅಂತಹ ನೀರು ಸ್ವಭಾವತಃ ಇರಲಿಲ್ಲ. ಕಣಿವೆಗೆ ಅಡ್ಡಲಾಗಿ ಕಟ್ಟಿದ ಆಣೆಕಟ್ಟು ೧೯೮೦ರ ದಶಕದಲ್ಲಿ ಮುಗಿದ ಮೇಲೆ ಹೊಳೆಯು ಸರೋವರವಾಯಿತು. ಸುಮಾರು ನೂರು ಹಳ್ಳಿಗಳು ಅದರ ಹೊಟ್ಟೆಗೆ ಹೋದವು. ಕೃಷ್ಣೆಯೂ ತುಂಗಭದ್ರೆಯೂ ಕೂಡುವ ಸ್ಥಳದಲ್ಲಿದ್ದ ಸಂಗಮೇಶ್ವರನ ಪ್ರಾಚೀನ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ತಿರುಗಿ ನಿಲ್ಲಿಸಬೇಕಾಯಿತು. ಶಾಸನಗಳು ಎಡೆದೊರೆನಾಡೆಂದು ಕರೆದ, ಎರಡು ಹೊಳೆಗಳ ನಡುವಣ ಈ ಭೂಮಿಯು ಕೊನೆಗಾಣುವದು ಅಲ್ಲಿಯೇ. ವಿಮಾನವು ಸುಖವಾಗಿ ಜಾರಿದ ಆ ನುಣ್ಣನೆಯ ನೀರಿಗೆ ಬೆಲೆಯನ್ನು ತೆತ್ತವರು ಬೇರೆಯವರು.

ಈಗ ಅದೇ ಹೊಳೆಯನ್ನು ಮೇಲಕ್ಕೆ ಅನುಸರಿಸಿ ಎಡೆದೊರೆಯ ಇನ್ನೊಂದು ಕೊನೆಗೆ ಬರಬೇಕು. ಸಿಂಧನೂರಿನಿಂದ ಹೊರಟವನು ತುಂಗಭದ್ರೆಯ ಕಾಲುವೆಯ ಬತ್ತದ ಗದ್ದೆಗಳನ್ನು ಹಿಂದೆ ಬಿಟ್ಟು ಮಸ್ಕಿಗೆ ಬರುವನು. ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಹೆಸರಿನಿಂದ ಹೇಳಿ, ೧೯೧೫ರಲ್ಲಿ ಬೆಳಕಿಗೆ ಬಂದ ಶಾಸನದ ಬಂಡೆಯು ಅಲ್ಲಿದೆ. ಮುಂದೆ ಲಿಂಗಸೂಗೂರು; ಅದರ ಉತ್ತರಕ್ಕೆ ಕೃಷ್ಣೆಯು ಕವಲೊಡೆದು ನಡುವೆ ಗುಡ್ಡವೊಂದನ್ನು ಬಳಸಿಕೊಂಡಿರುವಲ್ಲಿ ಜಲದುರ್ಗ. ಕೌಟಿಲ್ಯನು ದುರ್ಗಗಳನ್ನು ವಿಂಗಡಿಸುವಾಗ ಔದಕವೆಂದು ಹೇಳಿದ್ದು ಇಂತಹದನ್ನೇ. ಇಲ್ಲಿ ಪರ್ವತದುರ್ಗದ ಲಕ್ಷಣವೂ ಸೇರಿರುವದರಿಂದ ಹಿಂದಿನ ಅರಸರಿಗೆ ಇದರ ಮೇಲೆ ಕಣ್ಣು ಬಿದ್ದದ್ದು ಸಹಜವೇ; ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಇದು ಗಟ್ಟಿಯಾದ ಕೋಟೆಯಾಗಿ ಮೆರೆಯಿತು.

ಇಲ್ಲಿಯ ಕೃಷ್ಣೆಯು ಸರೋವರವಲ್ಲ. ದಖ್ಖನದ ಮೇಲ್ಬಯಲಿನಿಂದ ಎಡೆದೊರೆಯ ತಗ್ಗಿಗೆ ಇಳಿಯುವ ಸ್ಥಳವಿದು. ಸುಮಾರು ಮೂರು ಮೈಲಿನೊಳಗೆ ನದಿಯು ೪೦೮ ಅಡಿ ಇಳಿಯುವದೆಂದು ಹಿಂದಿನ ಇಂಪೀರಿಯಲ್ ಗ್ಯಾಝೆಟಿಯರು ಲೆಕ್ಕ ಹೇಳಿದೆ. ಒಂದೇ ಜಲಪಾತವಾಗಿ ಬೀಳದೆ, ಬಂಡೆಯಿಂದ ಬಂಡೆಗೆ ಅಪ್ಪಳಿಸಿ ಸೀಳಿ ಹೋಗುವ ಈ ನೀರಿನಲ್ಲಿ ವಿಮಾನಕ್ಕಿರಲಿ, ತಳಚೂಪಾದ ದೋಣಿಗೂ ಸ್ಥಳವಿಲ್ಲ. ಇಲ್ಲಿ ನಡೆಯುವದು ಹರಿಗೋಲು ಮಾತ್ರ. ಬಿದಿರನ್ನು ಸೀಳಿ ಬುಟ್ಟಿಯಂತೆ ಹೆಣೆದು, ಹೊರಗೆ ಹಿಂದೆ ತೊಗಲನ್ನೂ ಈಗ ಟಾರು ಬಳಿದ ತಾಟನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿದ ಈ ವಾಹನಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಗೇಣುದ್ದ ನೀರಿನಲ್ಲಿಯೂ ತೇಲುವದು, ಬಂಡೆಗೆ ತಗಲಿದರೆ ಒಡೆಯದೆ ಸರಿಯುವದು. ಕ್ರಿ. ಶ. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಸನು ತುಂಗಭದ್ರೆಯ ಹರಿಗೋಲನ್ನು ವರ್ಣಿಸುತ್ತ, ಹದಿನೈದಿಪ್ಪತ್ತು ಜನರನ್ನು ಅದು ಸಾಗಿಸುವದೆಂದೂ, ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಇರುವದೆಂದೂ ಬರೆದಿರುವನು. ಅದೇ ೧೫೨೦ರಲ್ಲಿ ರಾಯಚೂರಿನ ಯುದ್ಧದಲ್ಲಿ ಕೃಷ್ಣದೇವರಾಯನಿಗೆ ಸೋತ ಆದಿಲಶಾಹಿ ಸೈನ್ಯವು ಕೃಷ್ಣೆಯ ಕಡೆಗೆ ಓಡಿದಾಗ ಅನೇಕರು ಹೊಳೆಯ ಪಾಲಾದರು. ದಾಟುವ ಸಾಧನವಿಲ್ಲದವನಿಗೆ ಈ ನದಿಯು ಶತ್ರುವಿಗಿಂತ ಕಠಿನ.

ಸುರಪುರ ಸಂಸ್ಥಾನದಲ್ಲಿ ೧೮೪೧ರಿಂದ ೧೮೫೩ರವರೆಗೆ ಅಧಿಕಾರದಲ್ಲಿದ್ದ ಮೆಡೋಸ್ ಟೇಲರನು ಈ ದಂಡೆಗಳನ್ನು ಚೆನ್ನಾಗಿ ಬಲ್ಲವನಾಗಿದ್ದನು. ಚಾಂದಬೀಬಿಯ ಕಾಲವನ್ನು ಕುರಿತು ಆತನು ಬರೆದು, ಆತನ ಮರಣಾನಂತರ ೧೮೭೮ರಲ್ಲಿ ಪ್ರಕಟವಾದ ‘ಎ ನೋಬಲ್ ಕ್ವೀನ್’ ಎಂಬ ಕಾದಂಬರಿಯಲ್ಲಿ ಕೃಷ್ಣೆಯ ನೆರೆಯೂ, ಹರಿಗೋಲೂ, ಜಲದುರ್ಗದ ಕೋಟೆಯೂ ಬರುವವು. ಪರದೇಶದವನು ಈ ಮೂಲೆಯನ್ನು ಕಾದಂಬರಿಗೆ ಯೋಗ್ಯವೆಂದು ಕಂಡನು. ಇಲ್ಲಿಯ ವಿದ್ಯಾವಂತರಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗಿ ಬಂದಿರುವರೋ!

ಜಲದುರ್ಗದ ಮೇಲ್ಗಡೆ ನಾರಾಯಣಪುರದ ಬಸವಸಾಗರವು ೧೯೮೨ರಲ್ಲಿ ಸಿದ್ಧವಾದಂದಿನಿಂದ ಕೆಳಗಿನ ಹೊಳೆಯ ಹೆಚ್ಚು ಕಡಿಮೆಯು ಮಳೆಯ ಮಾತಾಗಿ ಮಾತ್ರ ಉಳಿಯಲಿಲ್ಲ, ಆಣೆಕಟ್ಟಿನ ಬಾಗಿಲುಗಳ ಮಾತೂ ಆಯಿತು. ಶೀಲಹಳ್ಳಿಯ ಬಳಿಯ ಸೇತುವೆಯಿಂದ ಜಲದುರ್ಗಕ್ಕೆ ಬಸ್ಸು ಮೋಟಾರುಗಳು ಹೋಗುವಂತಾದವು ನಿಜ. ಆದರೆ ಸೇತುವೆಯು ತಗ್ಗಿನದು. ೨೦೧೯ನೆಯ ಆಗಸ್ಟಿನಲ್ಲಿ ಬಸವಸಾಗರದಿಂದ ೫ ಲಕ್ಷ ಕ್ಯೂಸೆಕ್ಕಿಗೂ ಮಿಕ್ಕು ನೀರನ್ನು ಬಿಟ್ಟಾಗ ಅದು ಮುಳುಗಿ ಆಚೆಯ ಊರುಗಳ ಸಂಪರ್ಕವು ಕಡಿದುಹೋಯಿತು. ಕರಕಲಗಡ್ಡಿ, ಮಾದರಗಡ್ಡಿ, ವಂಕಮ್ಮನಗಡ್ಡಿ ಮೊದಲಾದ ನಡುಗಡ್ಡೆಗಳಲ್ಲಿ ದನಕರುಗಳನ್ನು ಕಟ್ಟಿಕೊಂಡು ಬಾಳುವವರ ಪಾಡು ಇದಕ್ಕಿಂತಲೂ ಕಷ್ಟದ್ದು. ಹೊಳೆ ತುಂಬಿದರೆ ನೀರಿಗೆ ಇಳಿಯಕೂಡದೆಂದು ಡಂಗುರ ಹೊಡೆಯಿಸುವರು. ಇಳಿಯದಿದ್ದರೆ ಬಸುರಿಯೂ ಬೇನೆಯವರೂ ಗಡ್ಡಿಯಲ್ಲಿಯೇ ಇರಬೇಕು. ಹೊಳೆಯಲ್ಲಿ ಮೊಸಳೆಗಳೂ ಉಂಟು.

ವಿಹಾರಾರ್ಥಿಗಳಿಗಾಗಿ ಕೃಷ್ಣೆಯ ಮೇಲೆ ವಿಮಾನವನ್ನು ಇಳಿಸಬಲ್ಲ ಕಾಲದಲ್ಲಿ, ನೆರೆಗೆ ಮುಳುಗದ ಎತ್ತರದ ಸೇತುವೆಯನ್ನು ಗಡ್ಡಿಯವರು ಕೇಳಿದರೆ ಅದು ಅತ್ಯಾಶೆಯೆನ್ನಿಸದು. ಮಳೆಗಾಲ ಕಳೆದು ಬಾಗಿಲುಗಳು ಮುಚ್ಚಿದ ಮೇಲೆ ಹೊಳೆಯು ತಿರುಗಿ ಬಂಡೆಗಳ ಸಂದಿಗೆ ಇಳಿಯುವದು. ದಂಡೆಯ ಮೇಲೆ ಬೋರಲಾಗಿ ಒರಗಿಸಿಟ್ಟ ಹರಿಗೋಲನ್ನು ಅಂಬಿಗನು ಹೊರಳಿಸಿ ನೀರಿಗೆ ಹಾಕುವನು.