ಕಾನೂನು ಶಿಕ್ಷಣ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ

ಹನೂರು ತಾಲ್ಲೂಕಿನ ಬಂಡಳ್ಳಿಯ ಕಡೆಯಿಂದ ಲಾ ಓದಲು ಹೊರಡುವವರು ಈಗ ಮೈಸೂರು, ಬೆಂಗಳೂರಿನತ್ತ ಮುಖ ಮಾಡುತ್ತಾರೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ದಿಕ್ಕೇ ಬೇರೆಯಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಕಂಪನಿ ಸರ್ಕಾರದ ಪಾಲಾಗಿ, ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಇಂದಿನ ಹನೂರು ತಾಲ್ಲೂಕೂ ಅದರೊಳಗೇ ಇತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರು ಸಂಸ್ಥಾನದಲ್ಲೇ ಉಳಿಯಿತು. ಹೀಗಾಗಿ ಕೊಳ್ಳೇಗಾಲದ ಜಮೀನು ವ್ಯಾಜ್ಯ ಹೈಕೋರ್ಟು ಹತ್ತಿದರೆ ಮದ್ರಾಸಿಗೆ, ಯಳಂದೂರಿನದಾದರೆ ಬೆಂಗಳೂರಿಗೆ.

ಮದ್ರಾಸಿನಲ್ಲಿ 1891ರಿಂದಲೇ ಲಾ ಕಾಲೇಜಿತ್ತು. ಮಾದರಿ ಸಂಸ್ಥಾನವೆನಿಸಿದ ಮೈಸೂರು ಈ ವಿಷಯದಲ್ಲಿ ಹಿಂದೆ ಬಿತ್ತು. 1884ಕ್ಕೆ ಚೀಫ್ ಕೋರ್ಟು, 1916ಕ್ಕೆ ವಿಶ್ವವಿದ್ಯಾನಿಲಯ, 1930ಕ್ಕೆ ಹೈಕೋರ್ಟು ಬಂದರೂ ಬೆಂಗಳೂರಿನಲ್ಲಿ ಸರ್ಕಾರಿ ಲಾ ಕಾಲೇಜು ತೆರೆದದ್ದು 1948ರಲ್ಲಿ. ಅಷ್ಟರೊಳಗೆ, ಮುಂದೆ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಪುಣೆಗೆ ಹೋಗಿ ಓದಿ ಬಂದಿದ್ದರು. ಪಾಂಡವಪುರ ತಾಲ್ಲೂಕಿನ ಇ.ಎಸ್. ವೆಂಕಟರಾಮಯ್ಯ ಪುಣೆಯಲ್ಲೂ, 1939ರಲ್ಲಿ ಶುರುವಾದ ಬೆಳಗಾವಿಯ ರಾಜಾ ಲಖಮಗೌಡ ಕಾಲೇಜಿನಲ್ಲೂ ಕಲಿತು, 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ವಕೀಲರು ಓದಿದ ಊರನ್ನು ಅವರ ಮನೆ ಬಾಗಿಲ ಬೋರ್ಡೇ ಹೇಳುತ್ತಿತ್ತು: ಮದ್ರಾಸಿನವರಿಗೆ ‘ಬಿ.ಎಲ್.’, ಮುಂಬಯಿ ಪ್ರಾಂತದವರಿಗೆ ‘ಎಲ್‌ಎಲ್.ಬಿ.’

ಬೆಂಗಳೂರಿನ ಕಾಲೇಜು 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿ ಯೂನಿವರ್ಸಿಟಿ ಲಾ ಕಾಲೇಜಾಯಿತು. ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದ ಎಂ.ಎನ್. ವೆಂಕಟಾಚಲಯ್ಯ, ಮುಖ್ಯಮಂತ್ರಿಯಾದ ಎಸ್.ಎಂ. ಕೃಷ್ಣ ಅಲ್ಲಿ ಓದಿದವರು. 1961ರ ಅಡ್ವೊಕೇಟ್ಸ್ ಕಾಯ್ದೆ ಪ್ಲೀಡರ್, ವಕೀಲ್ ಎಂಬ ಹಳೆಯ ದರ್ಜೆಗಳನ್ನು ತೆಗೆದು ಎಲ್ಲರನ್ನೂ ಅಡ್ವೊಕೇಟರನ್ನಾಗಿಸಿತು; ಪಠ್ಯಕ್ರಮದ ಅಧಿಕಾರ ಬಾರ್ ಕೌನ್ಸಿಲ್ ಕೈಗೂ ಬಂತು. ಕೊಳ್ಳೇಗಾಲದ ಕಡೆಯವರಿಗೆ ಹತ್ತಿರವಾದದ್ದು ಮೈಸೂರು. ಸಿದ್ದರಾಮಯ್ಯ ಕಾನೂನು ಓದಿದ ಶಾರದಾವಿಲಾಸ ಕಾಲೇಜು ಅಲ್ಲಿಯದೇ.

1988ರಲ್ಲಿ ಎನ್.ಆರ್. ಮಾಧವ ಮೆನನ್ ನೇತೃತ್ವದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಪದವಿ ಆರಂಭಿಸಿತು. ಕೀರ್ತಿ ದೊಡ್ಡದು, ಬಾಗಿಲು ಕಿರಿದು. ದೇಶವ್ಯಾಪಿ ಇಂಗ್ಲಿಷ್ ಪ್ರವೇಶ ಪರೀಕ್ಷೆ ದಾಟುವುದು ಕನ್ನಡ ಮಾಧ್ಯಮದ ಹಳ್ಳಿ ಹುಡುಗರಿಗೆ ಸುಲಭವಲ್ಲ. ಹೆಚ್ಚಿನವರ ದಾರಿ ಇಂದಿಗೂ ಡಿಗ್ರಿಯ ನಂತರದ ಮೂರು ವರ್ಷದ ಎಲ್‌ಎಲ್.ಬಿ.ಯೇ. ರಾಜ್ಯದ ಕಾನೂನು ಕಾಲೇಜುಗಳಿಗೆಂದು 2009ರಲ್ಲಿ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿಯ ಹೇಳಿಕೆ, ಪಾಟೀಸವಾಲು ನಡೆಯುವುದು ಕನ್ನಡದಲ್ಲಿ. ಓದುವ ಪುಸ್ತಕಗಳು ಬಹುಪಾಲು ಇಂಗ್ಲಿಷಿನವು. ಪದವಿ ಪಡೆದು ಬಾರ್ ಕೌನ್ಸಿಲಿನಲ್ಲಿ ಸನ್ನದು ಮಾಡಿಸಿದವರು ಈಗ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸಾಗಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು.