ಹಳೇ ಜೀಪಿಗೆ ನೀರೋ, ಹಸಿರು ಕೂಲೆಂಟೋ, ಕೆಂಪೋ?

ಮಲೆನಾಡಿನ ಕಡೆ ಇನ್ನೂ ಓಡುತ್ತಿರುವ ಹಳೇ ಜೀಪುಗಳ ಸೀಟಿನ ಹಿಂದೆ ನೋಡಿ, ಒಂದು ನೀರಿನ ಕ್ಯಾನ್ ಇರುತ್ತದೆ. ಘಾಟಿ ಹತ್ತುವಾಗ ಬಾನೆಟ್ಟಿನಿಂದ ಹಬೆ ಎದ್ದರೆ ಪಕ್ಕಕ್ಕೆ ನಿಲ್ಲಿಸುವುದು, ತಣ್ಣಗಾದ ಮೇಲೆ ನೀರು ಹುಯ್ದು ಮುಂದೆ ಹೋಗುವುದು. ಅದೇ ಗಾಡಿಗೆಂದು ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೂಲೆಂಟ್ ಕೇಳಿದರೆ ಹಸಿರು, ಕೆಂಪು, ಕಿತ್ತಳೆ, ನೀಲಿ ಎಂದು ಸಾಲಾಗಿ ಡಬ್ಬಿ ಇಡುತ್ತಾರೆ. ಯಾವುದು ಹಾಕಬೇಕು ಎಂದರೆ ಒಬ್ಬೊಬ್ಬರದು ಒಂದೊಂದು ಮಾತು. ಈ ಗೊಂದಲ ನಮ್ಮ ಊರಲ್ಲಿ ಹುಟ್ಟಿದ್ದಲ್ಲ, ಹಿಮ ಬೀಳುವ ದೇಶಗಳಿಂದ ಬಂದದ್ದು.

1908ರಲ್ಲಿ ಅಮೆರಿಕದಲ್ಲಿ ಫೋರ್ಡ್ ಮಾಡೆಲ್ ಟಿ ಕಾರು ಬಂತು. ಅದರ ಬಹುಪಾಲು ಗಾಡಿಗಳಲ್ಲಿ ವಾಟರ್ ಪಂಪೇ ಇರಲಿಲ್ಲ. ಬಿಸಿ ನೀರು ಮೇಲೇರುತ್ತದೆ, ರೇಡಿಯೇಟರಿನಲ್ಲಿ ತಣಿದದ್ದು ಕೆಳಗಿಳಿಯುತ್ತದೆ, ಅಷ್ಟರಲ್ಲೇ ಎಂಜಿನ್ ತಂಪಾಗಬೇಕಿತ್ತು. ತೊಂದರೆ ಬಂದದ್ದು ಚಳಿಗಾಲದಲ್ಲಿ. ನೀರು ಮಂಜುಗಡ್ಡೆಯಾದರೆ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಎರಕದ ಕಬ್ಬಿಣದ ಬ್ಲಾಕೇ ಸೀಳಿಬಿಡುತ್ತದೆ. ಹಾಗಾಗಿ ಕೆಲವರು ರಾತ್ರಿ ನೀರು ಬಿಟ್ಟು ಬೆಳಿಗ್ಗೆ ಮತ್ತೆ ತುಂಬುತ್ತಿದ್ದರು, ಕೆಲವರು ನೀರಿಗೆ ಆಲ್ಕೋಹಾಲ್ ಬೆರೆಸುತ್ತಿದ್ದರು. ಎಂಜಿನ್ ಕಾದ ಕೂಡಲೇ ಆಲ್ಕೋಹಾಲ್ ಆವಿಯಾಗಿ ಹೋಗುತ್ತಿತ್ತು. ಮತ್ತೆ ಹಾಕಬೇಕು.

ಇದಕ್ಕೆ ಪರಿಹಾರವಾಗಿ ಬಂದದ್ದು ಎಥಿಲೀನ್ ಗ್ಲೈಕಾಲ್. ಫ್ರಾನ್ಸಿನ ರಸಾಯನ ವಿಜ್ಞಾನಿ ವುರ್ಟ್ಸ್ 1850ರ ದಶಕದಲ್ಲೇ ಇದನ್ನು ತಯಾರಿಸಿದ್ದರು. ಗಾಡಿಯ ರೇಡಿಯೇಟರಿಗೆ ಬರುವುದಕ್ಕೆ 1927ರವರೆಗೆ ಕಾಯಬೇಕಾಯಿತು. ಆ ವರ್ಷ ಪ್ರೆಸ್ಟೋನ್ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಗ್ಲೈಕಾಲ್ ಕುದಿಯುವುದು 197 ಡಿಗ್ರಿಯಲ್ಲಿ, ಹಾಗಾಗಿ ಆವಿಯಾಗಿ ಹಾರುವ ಭಯವಿಲ್ಲ. ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ಸೊನ್ನೆಗಿಂತ 35 ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಇದು ರುಚಿಗೆ ಸಿಹಿ, ಆದರೆ ಮೂತ್ರಪಿಂಡ ಕೆಡಿಸುವ ವಿಷ. ಹಳೇ ಕೂಲೆಂಟನ್ನು ಅಂಗಳಕ್ಕೋ ಚರಂಡಿಗೋ ಬಿಟ್ಟರೆ ನಾಯಿ, ಕರು ನೆಕ್ಕುತ್ತವೆ. ಕುಡಿಯುವ ನೀರಿನ ಬಾಟಲಿಯಲ್ಲಂತೂ ಇಡಲೇಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಗ್ಲೈಕಾಲಿಗೂ ಒಂದು ದೋಷವಿತ್ತು. ಕಾದು ಕಾದು ಅದು ಹುಳಿಯಾಗುತ್ತದೆ, ಲೋಹ ತಿನ್ನುತ್ತದೆ. ಅದಕ್ಕೆ ಸಿಲಿಕೇಟ್, ಫಾಸ್ಫೇಟ್, ಬೋರೇಟ್ ಥರದ ಲವಣಗಳನ್ನು ಸೇರಿಸಿದರು. ಅವು ಲೋಹದ ಮೇಲೆ ತೆಳುವಾದ ಪದರ ಕಟ್ಟಿ ಕಾಯುತ್ತವೆ, ಎರಡು ವರ್ಷದ ಹೊತ್ತಿಗೆ ಸವೆದುಹೋಗುತ್ತವೆ. ಹಳೇ ಕಾಲದ ಹಸಿರು ಕೂಲೆಂಟ್ ಎಂದರೆ ಇದೇ. 1990ರ ದಶಕದ ನಡುವಿನಲ್ಲಿ ಸಾವಯವ ಆಮ್ಲಗಳ ಹೊಸ ಬಗೆ ಬಂತು. ಜನರಲ್ ಮೋಟಾರ್ಸ್ ತಂದ ಕಿತ್ತಳೆ ಬಣ್ಣದ ಡೆಕ್ಸ್‌ಕೂಲ್ ಐದು ವರ್ಷ ಬರುತ್ತದೆ ಎಂದರು. ಕೆಲವು ಎಂಜಿನ್ನುಗಳಲ್ಲಿ ಗ್ಯಾಸ್ಕೆಟ್ ಹೋಗಿ, ರೇಡಿಯೇಟರಿನಲ್ಲಿ ಕೆಸರು ಕಟ್ಟಿ, ಮಾಲೀಕರು ಕೋರ್ಟಿನ ಮೆಟ್ಟಿಲೂ ಹತ್ತಿದರು. ಹೊಸದೆಲ್ಲ ಕೆಟ್ಟದ್ದು ಅಂತಲ್ಲ. ಅದಕ್ಕೆಂದೇ ಮಾಡಿದ ಎಂಜಿನ್ನಿಗೆ ಅದು ಒಳ್ಳೆಯದೇ.

ಈಗ ನಮ್ಮ ಕಡೆಗೆ ಬರೋಣ. ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಆಮೇಲೆ ಅಂಬಾಸಿಡರ್, ಟ್ರ್ಯಾಕ್ಟರುಗಳು ಬಂದವು. ಕಬ್ಬಿಣದ ಬ್ಲಾಕು, ತಾಮ್ರ-ಹಿತ್ತಾಳೆಯ ರೇಡಿಯೇಟರು, ಅದಕ್ಕೆ ಸೀಸ ಬೆರೆತ ಬೆಸುಗೆ. (ಏರ್ ಕೂಲ್ಡ್ ಎಂಜಿನ್ನಿನ ಹಳೇ ಐಷರ್ ಟ್ರ್ಯಾಕ್ಟರ್ ಇಟ್ಟವರಿಗೆ ಈ ತಲೆನೋವೇ ಇಲ್ಲ, ರೇಡಿಯೇಟರೇ ಇಲ್ಲವಲ್ಲ.) ನಮ್ಮಲ್ಲಿ ಹೆಪ್ಪುಗಟ್ಟುವ ಚಳಿ ಇಲ್ಲ, ಹಾಗಾಗಿ ಕೂಲೆಂಟ್ ಯಾಕೆ ಎಂದು ಎಲ್ಲರೂ ನೀರನ್ನೇ ಹಾಕಿದರು.

ಕೆರೆ ನೀರು, ಹಳ್ಳದ ನೀರು ಹಾಕುವಷ್ಟು ದಿನ ಹೇಗೋ ನಡೆಯಿತು. ಬೋರ್‌ವೆಲ್ ಬಂದ ಮೇಲೆ ಗಡಸು ನೀರು ರೇಡಿಯೇಟರಿಗೂ ಇಳಿಯಿತು. ಬಚ್ಚಲ ಹಂಡೆಯ ತಳದಲ್ಲಿ ಬಿಳಿ ಪದರ ಗಟ್ಟಿಯಾಗಿ ಕೂರುತ್ತದಲ್ಲ, ಅದೇ ಸುಣ್ಣ ಎಂಜಿನ್ನಿನ ಒಳಗೂ ಕೂರುತ್ತದೆ. ಅದರ ಮೂಲಕ ಶಾಖ ಸರಿಯಾಗಿ ದಾಟುವುದಿಲ್ಲ. ಜೊತೆಗೆ ತುಕ್ಕು. ಗಾಡಿ ಪದೇ ಪದೇ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಸುಟ್ಟರೆ ಒಂದು ಬೆಳೆಯ ದುಡ್ಡು ಗ್ಯಾರೇಜಿಗೆ. ನನ್ನ ಪ್ರಕಾರ ನಮ್ಮ ಕಡೆ ಕೂಲೆಂಟ್ ಎಂದರೆ ಚಳಿಯ ಔಷಧಿಯಲ್ಲ, ತುಕ್ಕಿನ ಔಷಧಿ.

ಹಿತ್ತಾಳೆ ರೇಡಿಯೇಟರಿನ ಹಳೇ ಗಾಡಿಗೆ ಹಳೇ ಬಗೆಯ, ಎರಡು ವರ್ಷಕ್ಕೊಮ್ಮೆ ಬದಲಿಸುವ ಕೂಲೆಂಟೇ ಸಾಕು. ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಬರೀ ಬಣ್ಣ, ಕಂಪನಿ ಕಂಪನಿಗೂ ಬೇರೆ. ಡಬ್ಬಿಯ ಹಿಂದೆ ಯಾವ ಬಗೆ ಎಂದು ಬರೆದಿರುತ್ತದೆ, ಐಎಸ್ 5759 ಎಂಬ ನಮ್ಮ ದೇಶದ ಮಾನದಂಡವೂ ಇದೆಯೇ ನೋಡಿ. ಅಲ್ಯೂಮಿನಿಯಂ ಹೆಡ್ಡಿನ ಮಾರುತಿ 800 ಥರದ ಕಾರಿಗೆ ಬರೀ ನೀರು ಇನ್ನೂ ಕೆಟ್ಟದ್ದು, ಅದಕ್ಕೆ ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿ. ಎರಡು ಬಗೆ ಬೆರೆಸಬೇಡಿ. ಗಟ್ಟಿ ಕೂಲೆಂಟಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೇ ಬೆರೆಸಿ, ಅದೂ ಡಬ್ಬಿಯಲ್ಲಿ ಹೇಳಿದಷ್ಟೇ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಎನ್ನುವುದು ತಪ್ಪು, ಶಾಖ ಹೊರುವುದರಲ್ಲಿ ನೀರೇ ಗ್ಲೈಕಾಲಿಗಿಂತ ಮುಂದು.

ವರ್ಷಗಟ್ಟಲೆ ಬೋರ್ ನೀರು ಕುಡಿದ ರೇಡಿಯೇಟರಾದರೆ ಮೊದಲು ತೊಳೆಸಬೇಕು. ತೊಳೆದ ಮೇಲೆ ಸೋರಲು ಶುರುವಾದರೆ ಮೆಕ್ಯಾನಿಕ್ಕನ್ನು ಬೈಯಬೇಡಿ. ತೂತು ಮೊದಲೇ ಇತ್ತು, ಅದನ್ನು ಮುಚ್ಚಿಕೊಂಡಿದ್ದದ್ದು ಸುಣ್ಣ ಮತ್ತು ತುಕ್ಕು. ಹಿತ್ತಾಳೆಯದಾದರೆ ಬೆಸುಗೆ ಹಾಕಿಸಿಕೊಂಡು ಆಮೇಲೆ ಕೂಲೆಂಟ್ ತುಂಬಿಸಬಹುದು.